ಕೋಟಿನೊಳಗಿನ ಕೆಂಪು

ನವೆಂಬರ್ ೧೭, ಸೋಮವಾರ

ಇವತ್ತು ಅಂಗಡಿಯ ಕನ್ನಡಿ ಮುಂದೆ ನಿಂತು ನಕ್ಕೆ. ಈ ವಯಸ್ಸಿನಲ್ಲಿ! ಜೊತೆಯಲ್ಲಿ ಹೊಲಿಯುವ, ನಾವು ಗುಂಡುಸೂಜಿ ಎಂದು ಕರೆಯುವವಳು ನೋಡಿಬಿಟ್ಟಳು. ಅವಳಾದರೂ ನೋಡದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಚಳಿ ಶುರುವಾದರೆ ನಮ್ಮ ಅಂಗಡಿಗೆ ಸುಗ್ಗಿ. ಹೊರಗೆ ರಸ್ತೆ ಬೂದು, ಗೋಡೆ ಬೂದು, ಜನರ ಕೋಟುಗಳೆಲ್ಲ ಕಪ್ಪು. ಸಂಜೆಯಾಗುವ ಮೊದಲೇ ದೀಪ ಹಾಕಬೇಕು. "ಇಂಥ ಹೊತ್ತಲ್ಲೇ ಹೆಂಗಸ್ರಿಗೆ ಮಿಂಚ್ಬೇಕು ಅನ್ಸೋದು," ಎನ್ನುತ್ತಾರೆ ನಮ್ಮ ಯಜಮಾನಿ. ಬೇಸಿಗೆಯಲ್ಲಿ ತಿಳಿಬಣ್ಣ ಕೇಳುವವರೇ ಈಗ ಬಂದು ರಕ್ತಗೆಂಪು ತೋರಿಸಿ, ನವಿಲುನೀಲಿ ತೋರಿಸಿ, ಚಮಕಿ ಇನ್ನೂ ಜಾಸ್ತಿ ಹಾಕಿ ಅನ್ನುತ್ತಾರೆ. ನಾವು ಆರು ಜನ ಮಣಿ ಕಟ್ಟಿ ಕಟ್ಟಿ ಬೆರಳು ತೂತು ಮಾಡಿಕೊಳ್ಳುತ್ತೇವೆ.

ಮಣಿ ಕಟ್ಟಿದ ಉಡುಪನ್ನು ನೇರವಾಗಿ ಗಿರಾಕಿಗೆ ಕೊಡುವ ಹಾಗಿಲ್ಲ. ಮೈಶಾಖಕ್ಕೆ ದಾರ ಸಡಿಲವಾಗುತ್ತದೆ, ಕೂತೆದ್ದರೆ ಸೊಂಟದ ಹತ್ತಿರ ಮಣಿ ಉದುರುತ್ತವೆ. ಉದುರುವುದೆಲ್ಲ ನಮ್ಮ ನೆಲದ ಮೇಲೇ ಉದುರಲಿ ಎಂದು ನಮ್ಮಲ್ಲಿ ಒಬ್ಬರು ಅದನ್ನು ಹಾಕಿಕೊಂಡು ಕೂತು, ಎದ್ದು, ಕೈ ಎತ್ತಿ, ಬಗ್ಗಿ, ಕೆಲಸ ಮಾಡಬೇಕು. ಇದಕ್ಕೆ ನಾವು ಪಳಗಿಸುವುದು ಅನ್ನುತ್ತೇವೆ. ಮಣಿಯ ಭಾರಕ್ಕೆ ಬಟ್ಟೆ ಇಳಿದ ಮೇಲೇ ಬೆನ್ನಿಗೆ ಜಿಪ್ ಕೂರಿಸುವುದರಿಂದ, ಪಳಗಿಸುವಾಗ ಬೆನ್ನನ್ನು ಮೈಮೇಲೇ ಕಚ್ಚಾ ಹೊಲಿಗೆ ಹಾಕಿ ಮುಚ್ಚುತ್ತಾರೆ. ಹೊಲಿದವರೇ ಬಿಚ್ಚಬೇಕು. ಪಳಗಿಸುತ್ತಿದ್ದ ಹುಡುಗಿ ಹೆರಿಗೆಗೆ ಹೋಗಿದ್ದಾಳೆ. ಯಜಮಾನಿ ನಮ್ಮನ್ನೆಲ್ಲ ಮೇಲಿಂದ ಕೆಳಗೆ ನೋಡಿ, "ನೀನು ಸರಿಯಾದ ಅಳತೆ," ಎಂದರು.

ನನಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ನಾನು ವಿಧವೆ, ನನ್ನನ್ನು ಬಿಡಿ ಎನ್ನಬಹುದಿತ್ತು. ಆದರೆ ಆ ಸುಳ್ಳನ್ನು ನಾನಾಗಿ ಬಾಯಿಬಿಟ್ಟು ಹೇಳಿದ್ದು ಇದುವರೆಗೂ ಇಲ್ಲ. ಬೇರೆಯವರು ಹೇಳುತ್ತಾರೆ, ನಾನು ತಲೆ ತಗ್ಗಿಸುತ್ತೇನೆ ಅಷ್ಟೆ.

ಹಳದಿ ಬಣ್ಣದ್ದು. ಎದೆಯ ತುಂಬ ಗಾಜಿನ ಮಣಿ. ಬೂದು ಸ್ವೆಟರು ಕಳಚಿ ಅದರೊಳಗೆ ತೂರಿದಾಗ ಯಾರದೋ ಮನೆಗೆ ಹೇಳದೆ ಕೇಳದೆ ನುಗ್ಗಿದ ಹಾಗಾಯಿತು. ಆಮೇಲೆ ತಿರುಗಿದರೆ ಕನ್ನಡಿ. ಆಮೇಲೆ ಆ ನಗು.

ನವೆಂಬರ್ ೨೦, ಗುರುವಾರ

ಆ ಸುಳ್ಳಿನ ವಿಷಯ ಇಲ್ಲಿಯಾದರೂ ಸರಿಯಾಗಿ ಬರೆದಿಡೋಣ. ತಲೆಯೊಳಗೇ ಇದ್ದು ಅದು ಹುಳಿಯುತ್ತಿದೆ.

ನನ್ನ ಗಂಡ ಸತ್ತಿಲ್ಲ. ಅವನ ಊರಲ್ಲಿ, ಅವನ ಮನೆಯಲ್ಲಿ, ಹೊತ್ತು ಹೊತ್ತಿಗೆ ತಿಂದುಕೊಂಡು ಆರಾಮಾಗಿದ್ದಾನೆ. ಅವನು ಹೊಡೆದವನಲ್ಲ, ಕುಡಿದವನೂ ಅಲ್ಲ. ಸಿಟ್ಟು ಬಂದರೆ ಮಾತು ಬಿಡುತ್ತಿದ್ದ. ಮೊದಮೊದಲು ಒಂದೆರಡು ದಿನ, ಆಮೇಲೆ ವಾರಗಟ್ಟಲೆ. ಕೊನೆಯಲ್ಲಿ ಒಂದು ಇಡೀ ಚಳಿಗಾಲ ನನ್ನ ಜೊತೆ ಒಂದೇ ಒಂದು ಮಾತಾಡಲಿಲ್ಲ. ಕಾರಣವೇನೆಂದು ಇವತ್ತಿಗೂ ಗೊತ್ತಿಲ್ಲ. ನಾನು ಪಾತ್ರೆಗಳ ಜೊತೆ ಮಾತಾಡುವುದನ್ನು ಶುರು ಮಾಡಿದ ಮೇಲೆ ನನಗೇ ಹೆದರಿಕೆಯಾಗಿ ಬ್ಯಾಗು ಹಿಡಿದು ಅಣ್ಣನ ಮನೆಗೆ ಬಂದೆ.

ಇದನ್ನು ಯಾರಿಗೆ ಹೇಳುವುದು? ಹೊಡೆದಿದ್ದರೆ ತೋರಿಸಲು ಬಾಸುಂಡೆಯಾದರೂ ಇರುತ್ತಿತ್ತು.

ಬಂದ ವಾರವೇ ಮೆಟ್ಟಿಲ ಹತ್ತಿರ ಕೆಳಗಿನ ಮನೆಯಾಕೆ ಸಿಕ್ಕಿದರು. ಅಣ್ಣ ಥಟ್ಟನೆ, "ನಮ್ಮ ತಂಗಿ. ಗಂಡ ತೀರ್ಕೊಂಡ್ರು, ಪಾಪ," ಎಂದುಬಿಟ್ಟ. ನಾನು ಅವನ ಹಿಂದೆಯೇ ನಿಂತಿದ್ದೆ. ಸಂಜೆ ಆಕೆ ಬಿಸಿಬಿಸಿ ಸೂಪು ತಂದುಕೊಟ್ಟರು. ನಾನು ಕುಡಿದೆ. ಕುಡಿದ ಮೇಲೆ ಇನ್ನೇನು, ಸುಳ್ಳಿನಲ್ಲಿ ನನಗೂ ಪಾಲು ಬಂತು. ಅವತ್ತಿನಿಂದ ಬೂದು ಸ್ವೆಟರು, ಕಪ್ಪು ಲಂಗ, ತಗ್ಗಿದ ತಲೆ. ಅಣ್ಣನ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತೇನೆ, ಎಲ್ಲರಾದ ಮೇಲೆ ತಿನ್ನುತ್ತೇನೆ. ಹೀಟರಿನ ಹತ್ತಿರದ ಕುರ್ಚಿಯಲ್ಲಿ ಕೂರುವುದಿಲ್ಲ. ಕೂರಬೇಡ ಎಂದು ಯಾರೂ ಅಂದಿಲ್ಲ, ಆ ಮಾತು ಬೇರೆ.

ನವೆಂಬರ್ ೨೭, ಗುರುವಾರ

ನೀಲಿಯದನ್ನು ಪಳಗಿಸುತ್ತಿದ್ದಾಗ ಯಜಮಾನಿ, "ಎದುರುಗಡೆ ಹೋಗಿ ಎಲ್ರಿಗೂ ಚಹಾ ತಗೊಂಡು ಬಾ," ಎಂದರು. ಹೀಗೇನಾ, ಎಂದೆ. "ಮತ್ತೆ? ಪುಕ್ಕಟೆ ಜಾಹೀರಾತು ಯಾಕೆ ಬಿಡ್ಬೇಕು?" ಎಂದು ನಕ್ಕರು.

ರಸ್ತೆ ದಾಟಿದೆ. ಒಂದೊಂದು ಹೆಜ್ಜೆಗೂ ಮಣಿ ಕಿಣಿಕಿಣಿ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಚಹಾದವನು ಲೋಟಕ್ಕೆ ಸುರಿಯುತ್ತಿದ್ದವನು ಲೋಟ ತುಂಬಿ ಚೆಲ್ಲಿದರೂ ಸುರಿಯುತ್ತಲೇ ಇದ್ದ. "ಏನಕ್ಕಾ, ಇವತ್ತು ರೋಡಿಗೆ ಕರೆಂಟ್ ಬಂದಂಗಾಯ್ತಲ್ಲ!" ಎಂದ. ಬಸ್ಸಿಗೆ ಕಾದು ನಿಂತಿದ್ದ ಮುದುಕಿಯೊಬ್ಬಳು ನನ್ನನ್ನೇ ನೋಡುತ್ತ ಬಸ್ಸು ತಪ್ಪಿಸಿಕೊಂಡಳು. ನಮ್ಮ ಕಟ್ಟಡದವರು ಯಾರಾದರೂ ಈ ಕಡೆ ಬಂದಿದ್ದರೆ?

ವಾಪಸ್ಸು ಬರುವಾಗ ಸ್ವಲ್ಪ ನಿಧಾನಕ್ಕೇ ನಡೆದೆ. ಚಹಾ ಚೆಲ್ಲಬಾರದಲ್ಲ.

ಡಿಸೆಂಬರ್ ೩, ಬುಧವಾರ

ಅಣ್ಣನ ಮಗಳ ಮದುವೆ ಮಾತು ಗಟ್ಟಿಯಾಗುತ್ತಿದೆ. ಅವಳೂ ಹುಡುಗನೂ ಒಂದೇ ಕಡೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವರು, ತಾವೇ ಮೆಚ್ಚಿಕೊಂಡವರು. ಶನಿವಾರ ಹುಡುಗನ ಮನೆಯವರು ನಮ್ಮನ್ನೆಲ್ಲ ನೋಡಲು ಬರುತ್ತಾರಂತೆ.

ನಾನು ಶನಿವಾರ ಅಂಗಡಿಯಲ್ಲೇ ತಡಮಾಡಿ ಬರುತ್ತೇನೆ ಎಂದೆ. ಅತ್ತಿಗೆ ಒಪ್ಪಲಿಲ್ಲ. ಹುಡುಗನ ಚಿಕ್ಕಮ್ಮನ ಗಂಡ ಹೋದ ವರ್ಷ ತೀರಿಕೊಂಡರಂತೆ. ಈ ಮನೆಯಲ್ಲೂ ಒಬ್ಬರು ಹಾಗೇ ಇದ್ದಾರೆ ಎಂದು ಕೇಳಿ, ನನ್ನನ್ನು ನೋಡಲೇಬೇಕು ಎಂದಿದ್ದಾರಂತೆ.

"ಅಳು ಬಂದ್ರೆ ಅಳು. ಇಲ್ಲಾಂದ್ರೆ ಸುಮ್ನೆ ಕೂತ್ಕೋ. ಮಾತು ಕಮ್ಮಿ ಇರ್ಲಿ," ಎಂದರು ಅತ್ತಿಗೆ.

ಅಣ್ಣ ಚಮಚ ಕೆಳಗಿಟ್ಟು, "ಏನಾಗಿತ್ತು ಅಂತ ಕೇಳಿದ್ರೆ? ನಾನು ಕೆಳಗಿನವರಿಗೆ ಹೃದಯದ ತೊಂದರೆ ಅಂದಿದೀನಿ," ಎಂದ.

"ಅಯ್ಯೋ, ನಾನು ಮಗಳ ಗೆಳತಿಯರ ಮನೇಲೆಲ್ಲ ಲಾರಿ ಗುದ್ದಿತು ಅಂದಿದೀನಲ್ಲ!"

ಆಮೇಲೆ ಅವನನ್ನು ಯಾವುದರಿಂದ ಸಾಯಿಸುವುದು ಎಂದು ಊಟದ ಮೇಜಿನಲ್ಲಿ ಚರ್ಚೆಯೇ ಆಯಿತು. ಲಾರಿಯೆಂದರೆ ಪೊಲೀಸು, ಕೇಸು, ಯಾವ ರಸ್ತೆ ಎಂದೆಲ್ಲ ಕೇಳುತ್ತಾರೆ ಎಂದು ಅಣ್ಣ. ಹೃದಯದ ಕಾಯಿಲೆ ಅಂದರೆ ರಿಪೋರ್ಟಿನಲ್ಲಿ ಏನಿತ್ತು ಎಂದು ಲ್ಯಾಬಿನವರು ಕೇಳಿಯೇ ಕೇಳುತ್ತಾರೆ ಎಂದು ಅತ್ತಿಗೆ. ಹುಡುಗಿ ಕೊನೆಗೆ, "ನಿದ್ದೇಲೇ ಹೋದ್ರು ಅನ್ನಿ. ಅವ್ರಿಗೂ ಆರಾಮು, ನಮ್ಗೂ ಆರಾಮು," ಎಂದಳು.

ನನಗೆ ನಗು ಬಂತು. ಯಾರೂ ನಗಲಿಲ್ಲವೆಂದು ನುಂಗಿಕೊಂಡೆ. ಆಮೇಲೆ ಪಾತ್ರೆ ತೊಳೆಯುವಾಗ ಒಂದೇ ತಟ್ಟೆಯನ್ನು ಮೂರು ಸಲ ತೊಳೆದೆ. ಈ ಹುಡುಗಿಯನ್ನು ಈ ಹೊಲಸು ಸುಳ್ಳಿಗೆ ಎಳೆದವಳು ನಾನೇ ತಾನೇ? ಈಗ ಬಾಯಿ ತಪ್ಪಿ ಒಂದು ಮಾತು ಹೊರಬಿದ್ದರೆ ಅವಳ ಮದುವೆಯೂ ಹೋಯಿತು, ನನ್ನ ತಲೆ ಮೇಲಿನ ಸೂರೂ ಹೋಯಿತು. ಶನಿವಾರ ಕಳೆದರೆ ಸಾಕು.

ಡಿಸೆಂಬರ್ ೭, ಭಾನುವಾರ

ನಿನ್ನೆಯದನ್ನು ಬರೆಯಬೇಕು. ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ನಿನ್ನೆ ಪಳಗಿಸಲು ಕೊಟ್ಟದ್ದು ಈ ಚಳಿಗಾಲದಲ್ಲಿ ನಾವು ಮಾಡಿದ್ದರಲ್ಲೇ ಭಾರಿಯದು. ಕಡುಗೆಂಪು ರೇಷ್ಮೆ, ಕತ್ತಿನಿಂದ ಮೊಣಕಾಲಿನವರೆಗೆ ಚಮಕಿ, ತೋಳಿಗೆ ಕನ್ನಡಿ ಚೂರು. ನಾನು ಬೇಗ ಹೋಗಬೇಕೆಂದು ಮೊದಲೇ ಹೇಳಿದ್ದೆ. "ನಾಲ್ಕು ಗಂಟೆಗೆ ಬಿಚ್ಚಿ ಕಳಿಸ್ತೀನಿ ಕಣೇ, ಹೆದರ್ಬೇಡ," ಎಂದು ಗುಂಡುಸೂಜಿ ಬೆನ್ನು ಹೊಲಿದಳು. ಅವಳ ಬಾಯಲ್ಲಿ ಯಾವಾಗಲೂ ಗುಂಡುಸೂಜಿ ಕಚ್ಚಿಕೊಂಡಿರುವುದರಿಂದ ಆ ಹೆಸರು. ಮಧ್ಯಾಹ್ನದ ಮೇಲೆ ಅವಳಿಗೆ ಫೋನು ಬಂತು, ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರೆಂದು. ಕೈಚೀಲವನ್ನೂ ಬಿಟ್ಟು ಓಡಿದಳು. ಓಡು ಓಡು ಎಂದು ನಾನೇ ಬಾಗಿಲು ತೆಗೆದೆ. ಉಳಿದವರು ಊಟದ ಹೊತ್ತಿಗೇ ಹೋಗಿದ್ದರು, ಶನಿವಾರ ಅರ್ಧ ದಿನ. ಯಜಮಾನಿ ಗಿರಾಕಿಯ ಮನೆಗೆ ಹೋದವರು ಫೋನು ಎತ್ತಲಿಲ್ಲ. ಅಂಗಡಿಯಲ್ಲಿ ನಾನು, ನನ್ನ ಬೆನ್ನು, ಬೆನ್ನಿನ ಹೊಲಿಗೆ.

ಕೈ ಹಿಂದೆ ತಿರುಗಿಸಿದೆ, ಎಟುಕಲಿಲ್ಲ. ಕತ್ತರಿ ಹಿಡಿದು ಕನ್ನಡಿಗೆ ಬೆನ್ನು ಮಾಡಿ ನಿಂತೆ. ಕಚ್ಚಾ ಹೊಲಿಗೆಯ ಪಕ್ಕದಲ್ಲೇ ಚಮಕಿಯ ದಾರ ಇದೆ. ಅದೊಂದು ತುಂಡಾದರೆ ಇಡೀ ಸಾಲು ಜರ್ರನೆ ಉದುರುತ್ತದೆ. ನಾಲ್ಕು ಜನರ ಕಣ್ಣು ಹಾಳುಮಾಡಿ ಮಾಡಿದ ಕೆಲಸ. ಕತ್ತರಿ ಕೆಳಗಿಟ್ಟು ಕೋಟು ಹಾಕಿಕೊಂಡೆ. ಕತ್ತಿನವರೆಗೆ ಗುಂಡಿ ಹಾಕಿದೆ. ಮನೆಗೆ ಹೋಗಿ ಅಣ್ಣನ ಮಗಳ ಹತ್ತಿರ ಬಿಚ್ಚಿಸಿಕೊಂಡು, ಬೂದು ಸ್ವೆಟರು ಹಾಕಿ, ವಿಧವೆಯಾಗಿ ಕೂತರಾಯಿತು ಎಂಬುದು ನನ್ನ ಲೆಕ್ಕ.

ಬಾಗಿಲು ತೆಗೆದರೆ ಎಲ್ಲರೂ ಬಂದು ಕೂತಿದ್ದಾರೆ. ಚಹಾ ಕೂಡ ಆಗಿದೆ.

"ಇವ್ಳೇ ನಮ್ಮ ನಾದಿನಿ," ಎಂದು ಅತ್ತಿಗೆ ನನ್ನನ್ನು ಹಾಗೇ ಹಿಡಿದು ಕೂರಿಸಿದರು. ಅದೂ ಹೀಟರಿನ ಪಕ್ಕದ ಕುರ್ಚಿಯಲ್ಲಿ, ಹುಡುಗನ ಚಿಕ್ಕಮ್ಮನ ಮಗ್ಗುಲಲ್ಲಿ. ನಾನು ಕಣ್ಣುಸನ್ನೆ ಮಾಡಿದೆ. ಅತ್ತಿಗೆ ಅದನ್ನು ಅಳು ಎಂದುಕೊಂಡು ಮೆಚ್ಚಿ ತಲೆಯಾಡಿಸಿದರು.

ಚಿಕ್ಕಮ್ಮ ನನ್ನ ಕೈ ತೆಗೆದುಕೊಂಡರು. ಬಿಡಲಿಲ್ಲ. ನನಗಿಂತ ಚಿಕ್ಕವರು, ಕಣ್ಣಿನ ಕೆಳಗೆ ಕಪ್ಪು. ಸಣ್ಣ ದನಿಯಲ್ಲಿ ನನಗೊಬ್ಬಳಿಗೇ ಕೇಳುವ ಹಾಗೆ ಮಾತಾಡಿದರು. ಗಂಡ ಹೋದ ಮೇಲೂ ಎರಡು ಲೋಟ ಇಡುತ್ತಾರಂತೆ. ಅವರ ಚಪ್ಪಲಿ ಬಾಗಿಲಲ್ಲೇ ಇದೆಯಂತೆ, ತೆಗೆಯಲು ಹೋದವರು ಧೂಳು ಒರೆಸಿ ಮತ್ತೆ ಅಲ್ಲೇ ಇಡುತ್ತಾರಂತೆ. "ಯಾರ ಹತ್ರಾನೂ ಹೇಳಿಲ್ಲ ಇದನ್ನ. ಅನುಭವಿಸದೋರಿಗೆ ಗೊತ್ತಾಗಲ್ಲ. ನಿಮಗೆ ಗೊತ್ತಾಗುತ್ತೆ ಅಲ್ವಾ?" ಎಂದರು.

ನಾನು ಹೂಂ ಎಂದೆ. ಹೂಂ ಎಂದೆನಲ್ಲ! ಆ ಹೂಂ ಇನ್ನೂ ನಾಲಗೆ ಮೇಲೆ ಕೂತಿದೆ.

ಹೀಟರು ಉರಿಯುತ್ತಿತ್ತು. ಕೋಟಿನೊಳಗೆ ಬೆವರು ಬೆನ್ನ ಮೇಲೆ ಹರಿಯುತ್ತಿತ್ತು. ಅಲುಗಾಡಿದರೆ ಒಳಗಿಂದ ಕಿಣಿಕಿಣಿ. ಹುಡುಗನ ಅಪ್ಪ ಎಲ್ಲಿಂದ ಬರುತ್ತಿದೆ ಎಂದು ಕಿಟಕಿ ಕಡೆ ನೋಡಿದರು. "ಎಷ್ಟು ಬೆವರ್ತಿದ್ದೀರಿ, ಕೋಟಾದ್ರೂ ತೆಗೀರಿ," ಎಂದರು ಚಿಕ್ಕಮ್ಮ. ಬೇಡ, ಚಳಿ ಎಂದೆ. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿರುವಾಗ ಚಳಿ ಎಂದೆ! ಅವರು ಮಗುವಿಗೆ ಬಿಚ್ಚುವ ಹಾಗೆ ತಾವೇ ಗುಂಡಿ ಬಿಚ್ಚಿ ಕೋಟನ್ನು ಭುಜದಿಂದ ಇಳಿಸಿದರು.

ದೀಪದ ಕೆಳಗೇ ಇದ್ದೆ. ಗೋಡೆ, ಸೂರು, ಹುಡುಗನ ಅಪ್ಪನ ಬೋಳುತಲೆ, ಎಲ್ಲದರ ಮೇಲೂ ಕೆಂಪು ಚುಕ್ಕೆಗಳು ಓಡಾಡಿದವು. ಅಣ್ಣನ ಮುಖದಲ್ಲಿ ರಕ್ತವೇ ಇರಲಿಲ್ಲ. ಹುಡುಗನ ಅಮ್ಮ ಬಿಸ್ಕತ್ತನ್ನು ಬಾಯಿಯವರೆಗೆ ತಂದವರು ಹಾಗೇ ಹಿಡಿದಿದ್ದರು.

ಇಲ್ಲಿಯವರೆಗೆ ಆದದ್ದಕ್ಕೆ ಕಚ್ಚಾ ಹೊಲಿಗೆಯನ್ನು ಬೈಯಬಹುದು. ಮುಂದಿನದಕ್ಕೆ ನಾನೇ ಕಾರಣ.

ಯಾಕೆಂದರೆ ಚಿಕ್ಕಮ್ಮ ನನ್ನನ್ನು ಉಳಿಸಿಬಿಟ್ಟಿದ್ದರು. ಅವರ ಕಣ್ಣು ತುಂಬಿ ಬಂತು. ಎಲ್ಲರ ಕಡೆ ತಿರುಗಿ, "ಏನ್ ತಪ್ಪು? ಎಷ್ಟು ವರ್ಷ ಬೂದು ಹಾಕ್ಕೊಂಡಿರ್ಬೇಕು ಇವ್ರು? ನಾನೂ ಕಪಾಟು ತೆಗೆದು ನನ್ನ ಬಣ್ಣದ ಬಟ್ಟೆ ಮುಟ್ಟಿ ನೋಡಿ ಮುಚ್ಚಿಡ್ತೀನಿ. ಇವ್ರು ಕೋಟಿನ ಒಳಗಾದ್ರೂ ಹಾಕ್ಕೊಂಡಿದಾರೆ. ಪಾಪ, ಇಷ್ಟು ಬೇಗ ಗಂಡನ್ನ ಕಳ್ಕೊಂಡೋರು," ಎಂದರು. ಹುಡುಗನ ಅಮ್ಮ ನಿಟ್ಟುಸಿರುಬಿಟ್ಟು ಹೌದು ಪಾಪ ಎಂದು ಬಿಸ್ಕತ್ತು ಕಚ್ಚಿದರು. ಮುಗಿದೇ ಹೋಗಿತ್ತು! ನಾನು ಸುಮ್ಮನೆ ತಲೆ ತಗ್ಗಿಸಿದ್ದರೆ ಸಾಕಿತ್ತು. ನಾಲ್ಕು ವರ್ಷದಿಂದ ಮಾಡಿಕೊಂಡು ಬಂದ ಕೆಲಸ.

ಆದರೆ ಆಕೆ ಮತ್ತೆ ನನ್ನ ಕೈ ಹಿಡಿದುಕೊಂಡರು. ಆ ಕೈ ತಣ್ಣಗಿತ್ತು. ನನಗೆ ತಡೆಯಲಾಗಲಿಲ್ಲ.

"ನನ್ನ ಗಂಡ ಸತ್ತಿಲ್ಲ," ಎಂದೆ. "ಬದುಕಿದಾನೆ. ನಾನೇ ಬಿಟ್ಟು ಬಂದೆ."

ಅವರು ಕೈ ಬಿಟ್ಟರು. ಕಿತ್ತುಕೊಳ್ಳಲಿಲ್ಲ, ಮೆಲ್ಲಗೆ ಬಿಟ್ಟರು. ಎಲ್ಲರೂ ಹೋದದ್ದು ಹೇಗೆಂದು ನೆನಪಿಲ್ಲ. ಅಣ್ಣನ ಮಗಳು ಕೋಣೆಯ ಬಾಗಿಲು ಹಾಕಿಕೊಂಡ ಸದ್ದು ಮಾತ್ರ ನೆನಪಿದೆ.

ಹೊಲಿಗೆ ಬಿಚ್ಚಿದವರು ಅತ್ತಿಗೆ. ನಾನು ಗೋಡೆಗೆ ಮುಖ ಮಾಡಿ ನಿಂತೆ. ಕತ್ತರಿಸಿ ಬಿಸಾಡುತ್ತಾರೆ ಎಂದುಕೊಂಡಿದ್ದೆ. ಇಲ್ಲ, ಕನ್ನಡಕ ಹಾಕಿಕೊಂಡು ಒಂದೊಂದೇ ಹೊಲಿಗೆ ಬಿಡಿಸಿದರು. "ಬಟ್ಟೆ ನೋಡಿ ಅವ್ರು ಏನೂ ಅಂದಿರ್ಲಿಲ್ಲ," ಎಂದರು ಬೆನ್ನ ಹಿಂದಿನಿಂದ. "ಯಾಕೆ ಬಾಯಿಬಿಟ್ಟೆ? ಏನಾಗಿತ್ತು ನಿಂಗೆ?"

ಬಿಚ್ಚಿ ಮುಗಿದ ಮೇಲೆ ಕಾಲ ಬಳಿ ಬಿದ್ದ ದಾರಗಳನ್ನು ಒಂದೊಂದಾಗಿ ಹೆಕ್ಕಿದೆ.

ಡಿಸೆಂಬರ್ ೯, ಮಂಗಳವಾರ

ಮನೆಯಲ್ಲಿ ಯಾರೂ ಮಾತಾಡುತ್ತಿಲ್ಲ.

ಡಿಸೆಂಬರ್ ೧೦, ಬುಧವಾರ

ಇವತ್ತೂ ಇಲ್ಲ. ಹುಡುಗನ ಮನೆಯಿಂದ ಫೋನೂ ಇಲ್ಲ. ನನ್ನ ಮುಖ ನನಗೇ ತೋರಿಸಲು ನಾಚಿಕೆ. ಅಂಗಡಿಯ ಕನ್ನಡಿಗಳಿಗೆಲ್ಲ ಬಟ್ಟೆ ಹೊದಿಸಬೇಕು ಅನ್ನಿಸುತ್ತದೆ.

ಡಿಸೆಂಬರ್ ೧೨, ಶುಕ್ರವಾರ

ಹುಡುಗನ ಚಿಕ್ಕಮ್ಮ ಅಂಗಡಿಗೆ ಬಂದರು. ಕ್ಷಮಿಸಲು ಬಂದರೇನೋ ಎಂದು ಒಂದು ಗಳಿಗೆ ಆಸೆಪಟ್ಟೆ. ನನ್ನ ಆಸೆಗೆ ಬೆಂಕಿ ಹಾಕ.

"ನಾನು ಬೈಯೋಕೇ ಬಂದಿದೀನಿ," ಎಂದರು. ಎಲ್ಲರ ಮುಂದೆ. "ಗಂಡನ್ನ ಬಿಟ್ಟು ಬಂದ್ರಿ, ಅದು ನಿಮ್ಮಿಷ್ಟ, ನಾನ್ಯಾರು ಕೇಳೋಕೆ? ಆದ್ರೆ ಚಪ್ಪಲಿ ವಿಷಯ ನಿಮಗೆ ಹೇಳ್ದೆ. ನನ್ನ ಅಕ್ಕಂಗೂ ಹೇಳಿರ್ಲಿಲ್ಲ ಅದನ್ನ. ನೀವು ಹೂಂ ಅಂದ್ರಿ. ಅದನ್ನ ವಾಪಸ್ ಕೊಡಿ ಈಗ."

ಏನು ಕೊಡಲಿ? ತಪ್ಪಾಯ್ತು ಎಂದೆ. ಅದು ಸಾಲದು ಎಂದು ಇಬ್ಬರಿಗೂ ಗೊತ್ತಿತ್ತು. ಅವರು ಹೋದ ಮೇಲೆ ಗುಂಡುಸೂಜಿ ಬಾಯಲ್ಲಿದ್ದ ಸೂಜಿಗಳನ್ನೆಲ್ಲ ತೆಗೆದು, "ಎಲ್ಲ ನನ್ನಿಂದ್ಲೇ ಆಯ್ತು ಕಣೇ," ಎಂದು ಅಳತೊಡಗಿದಳು. ಅವಳನ್ನು ಸಮಾಧಾನ ಮಾಡುವ ಕೆಲಸವೂ ನನ್ನ ತಲೆಗೇ ಬಂತು.

ಜಗತ್ತೆಲ್ಲ ಬೈದರೂ ಇಷ್ಟು ಕುಗ್ಗುತ್ತಿರಲಿಲ್ಲ. ಅವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ.

ಡಿಸೆಂಬರ್ ೧೪, ಭಾನುವಾರ

ನಿನ್ನೆ ರಾತ್ರಿ ಊಟದ ಹೊತ್ತಿಗೆ ನಾಲ್ಕೂ ಜನ ಮೇಜಿಗೆ ಕೂತು ತಟ್ಟೆ ನೋಡಿಕೊಂಡು ತಿನ್ನುತ್ತಿದ್ದೆವು. ಚಮಚದ ಸದ್ದು ಬಿಟ್ಟರೆ ಏನೂ ಇಲ್ಲ. ಈ ಸದ್ದು ನನಗೆ ಹಳೆಯ ಪರಿಚಯ. ಎದೆಯೊಳಗೆ ಏನೋ ಹತ್ತಿಕೊಂಡಿತು.

"ಬೈಬೇಕು ಅಂತಿದ್ರೆ ಬೈದ್ಬಿಡಿ," ಎಂದೆ. ದನಿ ಏರಿತ್ತು. "ಮನೆ ಬಿಟ್ಟು ಹೋಗು ಅಂದ್ರೆ ಹೋಗ್ತೀನಿ. ಹೊಡೆದ್ರೂ ಸರಿ. ಆದ್ರೆ ಮಾತು ಬಿಡ್ಬೇಡಿ. ಅದೊಂದನ್ನ ನಾನು ಮತ್ತೆ ತಡ್ಕೊಳ್ಳಲ್ಲ."

ಎಲ್ಲರೂ ನನ್ನನ್ನೇ ನೋಡಿದರು. ಆಮೇಲೆ ಅಣ್ಣನ ಮಗಳು ಬೈದಳು. ಬೈದಳು ಎಂದರೆ, ಇಷ್ಟು ದಿನ ಕಟ್ಟಿಟ್ಟದ್ದನ್ನೆಲ್ಲ ಹೊರಗೆ ಹಾಕಿದಳು. ನಿಮ್ಮ ನಿಜ ಹೇಳೋಕೆ ನನ್ನ ದಿನಾನೇ ಬೇಕಿತ್ತಾ ಅತ್ತೆ ಎಂದಳು. ಸ್ವಾರ್ಥಿ ಎಂದಳು. ಅಮ್ಮ ಸಾಕು ಎಂದರೂ ನಿಲ್ಲಿಸಲಿಲ್ಲ. ನಾನು ಕೇಳಿಸಿಕೊಂಡೆ. ಹೀಟರಿನ ಹತ್ತಿರದ ಕುರ್ಚಿ ಬೆಚ್ಚಗಿತ್ತು, ಕಾಲು ಚಾಚಿಕೊಂಡು ಪೂರ್ತಿ ಕೇಳಿಸಿಕೊಂಡೆ. ರಾತ್ರಿ ಒಳ್ಳೆಯ ನಿದ್ದೆ ಬಂತು. ಇಷ್ಟೆಲ್ಲ ಅನ್ನಿಸಿಕೊಂಡು ನಿದ್ದೆ ಮಾಡುವವಳಿಗೆ ಏನೆನ್ನಬೇಕು?

ಡಿಸೆಂಬರ್ ೨೦, ಶನಿವಾರ

ಅಣ್ಣ ಅಂಗಡಿಗೆ ಬಂದ. ನಾನಿಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ಇದೇ ಮೊದಲು. ಒಳಗೆ ಬರಲು ಸಂಕೋಚ. ಹೊರಗೆ ಗಾಜಿನ ಹತ್ತಿರ ನಿಂತಿದ್ದ. ನನ್ನ ಮೈಮೇಲೆ ಹಸಿರು ಉಡುಪು, ಬೆನ್ನು ಹೊಲಿದಾಗಿತ್ತು. ಹಾಗೇ ಹೊರಗೆ ಹೋದೆ. ಅವನು ನನ್ನ ಕಡೆ ನೋಡದೆ ತನ್ನ ಬೂಟು ನೋಡಿಕೊಂಡು ಮಾತಾಡಿದ.

ಹುಡುಗನ ಮನೆಯವರು ಒಪ್ಪಿದ್ದಾರೆ. ಹುಡುಗ ಪಟ್ಟು ಬಿಡಲಿಲ್ಲವಂತೆ. ಒಂದೇ ಒಂದು ಷರತ್ತು. ಅವರ ಕಡೆಯ ನೆಂಟರಿಗೆಲ್ಲ ನಾನು ವಿಧವೆ ಎಂದು ಮೊದಲೇ ಹೇಳಿಯಾಗಿದೆ. ಈಗ ತಿರುಗಿ ಬೇರೆ ಹೇಳಿದರೆ ನೂರು ಪ್ರಶ್ನೆ. ಅದಕ್ಕೆ ಮದುವೆಯ ದಿನ ನಾನು ಹಾಗೇ ಇದ್ದುಬಿಡಬೇಕು.

"ಒಂದಿನ ಅಷ್ಟೆ. ಬೂದು ಸ್ವೆಟರು ಹಾಕ್ಕೊಂಡು ಹಿಂದೆ ಕೂತಿರು. ಇಷ್ಟು ವರ್ಷ ಇದ್ದೋಳಿಗೆ ಒಂದಿನ ಏನ್ ಕಷ್ಟ?"

ಕಷ್ಟವೇನಿಲ್ಲ. ಆಯ್ತು ಎನ್ನಲೆಂದೇ ಬಾಯಿ ತೆರೆದೆ. "ಆಗಲ್ಲ ಅಣ್ಣ," ಎಂಬ ಮಾತು ಬಂತು. "ಹಾಗಾದ್ರೆ ನಾನು ಬರಲ್ಲ. ಮನೇಲೇ ಇರ್ತೀನಿ. ಅವಳ ಬಟ್ಟೆ ನಾನೇ ಮಾಡಿ ಕೊಡ್ತೀನಿ, ಆದ್ರೆ ಆ ಸುಳ್ಳು ಹೇಳಲ್ಲ."

ಅವನಿಗೆ ಸಿಟ್ಟು ಬಂತು. "ಆವತ್ತು ನಾನ್ಯಾಕೆ ಹೇಳ್ದೆ ಹೇಳು? ನನಗೇನಿತ್ತು? ನಿನಗೆ ನಾಚಿಕೆ ಆಗ್ಬಾರ್ದು ಅಂತ ತಾನೇ ಹೇಳಿದ್ದು!"

"ನನಗೆ ನಾಚಿಕೆ ಆಗಿರ್ಲಿಲ್ಲ ಅಣ್ಣ," ಎಂದೆ. ಹೇಳುತ್ತ ಹೇಳುತ್ತ ನನಗೇ ನೆನಪಾಯಿತು. "ಬರೋವಾಗ ಬಸ್ಸಲ್ಲಿ ಪಕ್ಕದೋಳ ಹತ್ರ ದಾರಿಯುದ್ದಕ್ಕೂ ಮಾತಾಡ್ಕೊಂಡು ಬಂದೆ, ಗಂಟ್ಲು ಕಟ್ಟೋವರ್ಗೂ. ಎಲ್ಲಾ ಹೇಳ್ದೆ. ಎಷ್ಟು ಖುಷಿಯಾಗಿತ್ತು ಗೊತ್ತಾ? ನಾಚಿಕೆ ಶುರುವಾಗಿದ್ದು ನೀನು ಮೆಟ್ಟಿಲ ಹತ್ರ ಆ ಮಾತು ಹೇಳಿದ ಮೇಲೆ."

ಅಣ್ಣ ಮೊದಲ ಸಲ ತಲೆ ಎತ್ತಿ ನೋಡಿದ. ಕುತ್ತಿಗೆಯ ಮಫ್ಲರ್ ಬಿಚ್ಚಿ ನನ್ನ ಕೈಗೆ ಕೊಟ್ಟು, "ಚಳಿ ಇದೆ, ಒಳಗೆ ಹೋಗು," ಎಂದು ಹೊರಟುಹೋದ.

ಅನ್ನಬಾರದಿತ್ತು. ಇರಲು ಜಾಗ ಕೊಟ್ಟವನಿಗೆ ಅನ್ನುವ ಮಾತಾ ಅದು?

ಜನವರಿ ೮, ಗುರುವಾರ

ಅಣ್ಣ ಹುಡುಗನ ಮನೆಯವರಿಗೆ ಫೋನು ಮಾಡಿದನಂತೆ. ನನ್ನ ತಂಗಿ ಮದುವೆಗೆ ಬರ್ತಾಳೆ, ಯಾರು ಏನು ಕೇಳಿದರೂ ಏನು ಹೇಳಬೇಕು ಅನ್ನೋದು ಅವಳಿಗೆ ಬಿಟ್ಟದ್ದು ಎಂದನಂತೆ. ಇದನ್ನು ನನಗೆ ಅವನು ಹೇಳಲಿಲ್ಲ. ಅತ್ತಿಗೆ ಹೇಳಿದರು, ಅದೂ ತರಕಾರಿ ಹೆಚ್ಚುತ್ತ, ಚಾಕುವಿಗೆ ಹೇಳಿದ ಹಾಗೆ.

ಆ ಕಡೆಯಿಂದ ಹಲವು ದಿನ ಸದ್ದಿಲ್ಲ. ಮನೆಯಲ್ಲಿ ಎಲ್ಲರೂ ಫೋನಿನ ಸುತ್ತ ಬೆಕ್ಕಿನ ಹಾಗೆ ಓಡಾಡಿದೆವು. ಇವತ್ತು ಸಂಜೆ ಹುಡುಗಿ ಅಂಗಡಿಗೇ ಬಂದಳು. "ಮದುವೆ ದಿನ ಗೊತ್ತಾಯ್ತು," ಎಂದಳು. ನಾನು ಕೈಯಲ್ಲಿದ್ದ ಮಣಿ ಡಬ್ಬಿ ಮುಚ್ಚಿ ಸ್ಟೂಲನ್ನು ಅವಳ ಕಡೆ ತಳ್ಳಿದೆ.

"ನಂಗೆ ನಿಮ್ಮ ಮೇಲೆ ಇನ್ನೂ ಸಿಟ್ಟಿದೆ ಅತ್ತೆ. ಮದುವೆ ಆದ್ಮೇಲೂ ಇರುತ್ತೆ."

"ಇರ್ಲಿ."

"ಬಟ್ಟೆ ಮಾತ್ರ ಚೆನ್ನಾಗಿ ಬರ್ಬೇಕು. ಅವ್ರ ಮನೇಲಿ ಎಲ್ರೂ ಕಪ್ಪು, ಕಂದು, ಬೂದು. ಫೋಟೋದಲ್ಲಿ ನಾನೊಬ್ಳೇ ಕಾಣ್ಬೇಕು."

ಅಳತೆ ತೆಗೆದೆ. ಸೊಂಟಕ್ಕೆ ಟೇಪು ಸುತ್ತುವಾಗ ಅವಳ ಹೊಟ್ಟೆ ಅಲುಗಾಡಿತು. ಅಳುತ್ತಿದ್ದಾಳೆ ಎಂದು ಹೆದರಿ ಮುಖ ನೋಡಿದರೆ ನಗು. "ನಿದ್ದೇಲೇ ಹೋದ್ರು ಅನ್ನಿ ಅಂದಿದ್ನಲ್ಲ ನಾನು," ಎಂದಳು. ಇಬ್ಬರೂ ನಕ್ಕೆವು. ಆಮೇಲೆ ನನಗೆ ನಾಚಿಕೆಯಾಯಿತು, ಬದುಕಿರುವ ಮನುಷ್ಯನ ಸಾವಿಗೆ ನಗುವುದೆಂದರೆ!

ಜನವರಿ ೨೩, ಶುಕ್ರವಾರ

ಮಣಿ, ಮಣಿ, ಮಣಿ. ಬೇರೇನೂ ಬರೆಯಲು ಪುರುಸೊತ್ತಿಲ್ಲ. ಕಿತ್ತಳೆ ಬಣ್ಣ ಒಪ್ಪಿದ್ದಾಳೆ.

ಫೆಬ್ರವರಿ ೨, ಸೋಮವಾರ

ಮದುವೆ ನಿನ್ನೆ ಮುಗಿಯಿತು. ಹೊರಗೆ ಮಂಜು, ಎದುರಿನ ಕಟ್ಟಡ ಕಾಣದಷ್ಟು. ಒಳಗೆ ನಮ್ಮ ಹುಡುಗಿ ದೀಪ ಹಚ್ಚಿದ ಹಾಗಿದ್ದಳು. ಒಂದೇ ಒಂದು ಮಣಿ ಉದುರಲಿಲ್ಲ.

ನಾನು ಹಸಿರಿನದನ್ನು ಹಾಕಿದ್ದೆ. ಯಜಮಾನಿ, "ತಗೊಂಡು ಹೋಗು, ನೀನು ಹಾಕಿದ್ರೇನೇ ಅದಕ್ಕೆ ಗಿರಾಕಿ ಸಿಗೋದು," ಎಂದಿದ್ದರು. ಮೆಟ್ಟಿಲಿಳಿಯುವಾಗ ಕೆಳಗಿನ ಮನೆಯಾಕೆ ಬಾಗಿಲಲ್ಲೇ ನಿಂತಿದ್ದರು. ಸೂಪಿನ ಆಕೆ. ನನ್ನ ಕಾಲು ತೊಡರಿತು. ಕೋಟಿನ ಗುಂಡಿ ಹಾಕಿಕೊಳ್ಳಬೇಕೆಂದು ಕೈ ಹೋಯಿತು. ಆದರೆ ನಾನು ಕೋಟು ಮನೆಯಲ್ಲೇ ಬಿಟ್ಟು ಬಂದಿದ್ದೆ, ಯಾವಾಗ ಬಿಟ್ಟೆನೋ ಗೊತ್ತಿಲ್ಲ.

ಹುಡುಗನ ಚಿಕ್ಕಮ್ಮ ಕಪ್ಪು ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ನನ್ನ ಜೊತೆ ಮಾತಾಡಲಿಲ್ಲ. ಅದು ನನಗೆ ಸಲ್ಲಬೇಕಾದದ್ದೇ.

ಎಲ್ಲ ಮುಗಿದು ಜನ ಎದ್ದು ಓಡಾಡುವ ಹೊತ್ತಿಗೆ ನಾನು ಹೆದರಿದ್ದು ಬಂದೇ ಬಂತು. ಹುಡುಗನ ಕಡೆಯ ಒಬ್ಬ ದಪ್ಪನೆಯ ಹೆಂಗಸು, ಅವನ ಸೋದರತ್ತೆಯಂತೆ, ನೇರವಾಗಿ ನನ್ನ ಎದುರು ಬಂದು ನಿಂತರು. "ನೀವು ಹುಡುಗಿ ಅತ್ತೆ ಅಲ್ವಾ? ನಿಮ್ಮ ಯಜಮಾನ್ರು ಎಲ್ಲಿ, ಕಾಣ್ಲಿಲ್ಲ?"

ಈಕೆಗೆ ಯಾರೂ ಏನೂ ಹೇಳಿರಲಿಲ್ಲ! 'ತೀರ್ಕೊಂಡ್ರು' ಎಂಬ ಮಾತು ನಾಲಗೆಯ ತುದಿಯಲ್ಲೇ ಇತ್ತು, ಹಳೆಯ ಚಪ್ಪಲಿ ಹಾಕಿಕೊಂಡಷ್ಟು ಸಲೀಸು. ಆ ಕಡೆಯಿಂದ ಅಣ್ಣ ನೋಡುತ್ತಿದ್ದ. ಅತ್ತಿಗೆ ನೋಡುತ್ತಿದ್ದರು. ಹುಡುಗನ ಅಮ್ಮ ಯಾರ ಜೊತೆಯೋ ಮಾತಾಡುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು. ನನ್ನ ಕಿವಿ, ಕುತ್ತಿಗೆ ಎಲ್ಲ ಸುಟ್ಟುಹೋಗುತ್ತಿತ್ತು. ತಲೆ ತಾನಾಗಿಯೇ ತಗ್ಗಿತ್ತು.

"ಅವ್ರು ಅವ್ರ ಊರಲ್ಲಿದಾರೆ," ಎಂದೆ, ಸುತ್ತಲಿನವರಿಗೂ ಕೇಳಿಸುವಷ್ಟು ಜೋರಾಗಿ. "ನಾನು ಬಿಟ್ಟು ಬಂದೆ. ನಾಲ್ಕು ವರ್ಷ ಆಯ್ತು."

ಆಕೆ ನನ್ನ ಭುಜದ ಮೇಲಿಂದ ಹಿಂದೆ ಎಲ್ಲೋ ನೋಡುತ್ತಿದ್ದರು.

"ಓ, ಹೌದಾ," ಎಂದರು. "ಊಟ ಆಯ್ತಾ ನಿಮ್ದು?"

"ಇಲ್ಲ."

"ಮತ್ತೆ ನಿಂತೇ ಇದ್ದೀರಲ್ಲ! ಬನ್ನಿ ಬನ್ನಿ, ಸಾಲು ಬಾಗಿಲ ತನಕ ಬಂದಿದೆ. ಆಮೇಲೆ ತಣ್ಣಗಿರೋದೇ ಸಿಗೋದು."

ಯಾರಿಗೆ ಹೆದರಿ ಇಷ್ಟು ವರ್ಷ ಒಬ್ಬ ಗಂಡಸನ್ನು ಸಾಯಿಸಿ ಇಟ್ಟಿದ್ದೆನೋ, ಅವರಿಗೆ ಊಟ ಆರಿಹೋಗುವುದರದ್ದೇ ಚಿಂತೆ. ನನಗೆ ಅಲ್ಲೇ ಕೂತು ಅತ್ತುಬಿಡೋಣ ಅನ್ನಿಸಿತು. ಅಷ್ಟರಲ್ಲಿ ಆಕೆ ನನ್ನ ಕೈಗೊಂದು ತಟ್ಟೆ ಕೊಟ್ಟರು. ಅವರ ಹಿಂದೆ ಹೋಗಿ ನಿಂತೆ.